ಹಂದಿಗೆ ಮ್ಯಾಗ್ನಮ್ ತೋಟೆ ಬೇಕೇ? ಬಯಲುಸೀಮೆಯ ಬಂದೂಕಿನ ಬೇಡಿಕೆಯ ಹಿಂದಿನ ಲೆಕ್ಕ

ಕೋಲಾರದ ಗಡಿ ದಾಟಿದರೆ ತಮಿಳುನಾಡು. ಮೀಸಲು ಅರಣ್ಯದಿಂದ 3 ಕಿ.ಮೀ.ಗಿಂತ ಆಚೆ ಬಂದ ಕಾಡುಹಂದಿಯನ್ನು ಅರಣ್ಯ ಸಿಬ್ಬಂದಿ ಗುಂಡಿಟ್ಟು ಕೊಲ್ಲಬಹುದು ಎಂದು 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ತೀರ್ಮಾನಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ ವನ್ಯಜೀವಿ ಕಾಯ್ದೆಗೆ ತನ್ನದೇ ತಿದ್ದುಪಡಿಯನ್ನು ಅಂಗೀಕರಿಸಿತು. ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಕಡಲೆಕಾಯಿ ಹಾಕಿ ರಾತ್ರಿಯಿಡೀ ತಗಡು ಬಡಿದು ಕಾವಲು ಕಾಯುವ ರೈತ ಇದನ್ನು ಓದಿ ಕೇಳುವ ಪ್ರಶ್ನೆ ಸಹಜವಾದದ್ದೇ: ಅಲ್ಲಿ ಹೊಡೆಯಬಹುದಾದರೆ ಇಲ್ಲಿ ಯಾಕಿಲ್ಲ?

ಈ ಪ್ರಶ್ನೆಗೆ ಈಗ ಇನ್ನೊಂದು ಅಂಟಿಕೊಂಡಿದೆ. ಮೊಬೈಲ್‌ನಲ್ಲಿ ಅಮೆರಿಕದ ಬೇಟೆಗಾರರ ವಿಡಿಯೋಗಳು ಹರಿದಾಡುತ್ತವೆ. ತಾವೇ ವಿನ್ಯಾಸ ಮಾಡಿಕೊಂಡ ಮ್ಯಾಗ್ನಮ್ ತೋಟೆ, ಉದ್ದನೆಯ ನಳಿಗೆ, ದೊಡ್ಡ ದೂರದರ್ಶಕ, ಸಾವಿರ ಗಜದಾಚೆ ಬೀಳುವ ಪ್ರಾಣಿ. ಅಂಥದ್ದೊಂದು ಇದ್ದರೆ ಹಂದಿ ಕಾಟ ಒಂದೇ ವಾರದಲ್ಲಿ ಮುಗಿಯುತ್ತದೆ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಎರಡನೆಯ ಮಾತು ತಪ್ಪು. ಅದು ಏಕೆ ತಪ್ಪು ಎಂದು ತಿಳಿಯಲು ಮ್ಯಾಗ್ನಮ್ ತೋಟೆ ಹೇಗೆ ಹುಟ್ಟುತ್ತದೆ, ಯಾವ ಕೆಲಸಕ್ಕೆ ಹುಟ್ಟಿದೆ ಎಂಬುದನ್ನೇ ನೋಡಬೇಕು.

ಎರಡು ಬೀಗ, ಎರಡು ಕೀಲಿಕೈ

ಹಂದಿ ಹೊಡೆಯುವ ವಿಷಯದಲ್ಲಿ ಎರಡು ಬೇರೆ ಬೇರೆ ಕಾಯ್ದೆಗಳಿವೆ. ಗೊಂದಲದ ಮುಕ್ಕಾಲು ಭಾಗ ಅವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಬರುತ್ತದೆ.

ಮೊದಲನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಅದರ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ಅನುಮತಿ ಇಲ್ಲದೆ ಕೊಂದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಇದೇ ಕಾಯ್ದೆಯ 11ನೇ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ಪ್ರಾಣಿ ಮನುಷ್ಯನ ಜೀವಕ್ಕೋ ಆಸ್ತಿಗೋ ಅಪಾಯವಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಮನಗಂಡರೆ, ಕಾರಣಗಳನ್ನು ಬರೆದು ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ಕೊಡಬಹುದು. ಆಸ್ತಿ ಎಂದರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿತು ಎಂದು ಕಾಯ್ದೆ ಬಿಡಿಸಿಯೇ ಹೇಳಿದೆ. 2022ರಲ್ಲಿ ಕೇರಳ ಮಾಡಿದ್ದು ಇಷ್ಟೇ: ಈ ಅಧಿಕಾರವನ್ನು ಪಂಚಾಯಿತಿ ಮತ್ತು ಪುರಸಭೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕರೆಂಬ ಹೆಸರಿನಲ್ಲಿ ಇಳಿಸಿಕೊಟ್ಟಿತು, ಲೈಸೆನ್ಸುಳ್ಳ ಬಂದೂಕುದಾರರ ಪಟ್ಟಿ ಮಾಡಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಬಳಸುವಂತಿಲ್ಲ ಎಂದು ಷರತ್ತು ಹಾಕಿತು.

62ನೇ ಕಲಮು ಬೇರೆ. ಒಂದು ಪ್ರಾಣಿಯನ್ನು ಇಂಥ ಪ್ರದೇಶದಲ್ಲಿ ಇಂತಿಷ್ಟು ಅವಧಿಗೆ ಪೀಡಕ ಪ್ರಾಣಿ ಎಂದು ಸಾರುವುದು. ಈ ಅಧಿಕಾರ ಕೇಂದ್ರ ಸರ್ಕಾರದ್ದು. 2015-16ರಲ್ಲಿ ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿಗೆ, ಉತ್ತರಾಖಂಡದಲ್ಲಿ ಕಾಡುಹಂದಿಗೆ, ಹಿಮಾಚಲದಲ್ಲಿ ಕೋತಿಗೆ ಹೀಗೆ ಅಧಿಸೂಚನೆ ಬಂದಿತ್ತು. ಕೇರಳ ಎಷ್ಟು ಕೇಳಿದರೂ ಕೇಂದ್ರ ಒಪ್ಪಲಿಲ್ಲ. ಆದ್ದರಿಂದಲೇ ಅದು ತನ್ನದೇ ತಿದ್ದುಪಡಿಗೆ ಹೊರಟಿತು. ವನ್ಯಜೀವಿ ರಕ್ಷಣೆ 1976ರಿಂದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ಕೇಂದ್ರದ ಕಾಯ್ದೆಗೆ ವಿರುದ್ಧವಾಗಿ ರಾಜ್ಯ ಮಾಡಿದ ಕಾನೂನು ಆ ರಾಜ್ಯದಲ್ಲಿ ಮೇಲುಗೈ ಪಡೆಯಬೇಕಾದರೆ ರಾಷ್ಟ್ರಪತಿಯವರ ಅಂಕಿತ ಬೇಕು. ವಿಧಾನಸಭೆಯಲ್ಲಿ ಅಂಗೀಕಾರವಾದ ಮಾತ್ರಕ್ಕೆ ಬಂದೂಕು ಹಿಡಿದು ಹೊರಡಬಹುದು ಎಂದಲ್ಲ.

ಎರಡನೆಯ ಬೀಗ 1959ರ ಶಸ್ತ್ರಾಸ್ತ್ರ ಕಾಯ್ದೆ. ಹಂದಿ ಹೊಡೆಯಲು ಅನುಮತಿ ಸಿಕ್ಕರೂ ಬಂದೂಕಿನ ಲೈಸೆನ್ಸ್ ಜಿಲ್ಲಾಧಿಕಾರಿಯಿಂದಲೇ ಬರಬೇಕು. ಬಂದೂಕಿನ ಲೈಸೆನ್ಸ್ ಇದ್ದವರಿಗೆ ಹಂದಿ ಹೊಡೆಯುವ ಹಕ್ಕು ತಾನಾಗಿ ಬರುವುದಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿಗೂ ಈ ಮಾತು ಅನ್ವಯಿಸುತ್ತದೆ, ಮತ್ತು ನಮ್ಮ ಜಿಲ್ಲೆಗಳಲ್ಲಿ ಜನ ಹೆಚ್ಚು ಎಡವುವುದು ಇಲ್ಲಿಯೇ.

ಈ ಕಾಯ್ದೆಯ 13ನೇ ಕಲಮಿನಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ವಿವರವಿದೆ. ನಿಜವಾದ ಬೆಳೆ ರಕ್ಷಣೆಗೆ ಕಾನೂನು ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ನಾಡಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನುಣುಪು ನಳಿಗೆಯ ತೋಟೆ ಬಂದೂಕು. ರೈಫಲ್‌ನ ಹೆಸರೇ ಅಲ್ಲಿಲ್ಲ. ಹಳೆಯ ಕಾಲದ ಕಾನೂನು, ಹಾಗಾಗಿ ಹಾಗಿದೆ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದಿರುವ ತರ್ಕ ದೂರದ ತರ್ಕ: ಹೊಲ ಕಾಯುವ ಬಂದೂಕಿನ ಗುಂಡು ಹೊಲದ ಆಸುಪಾಸಿನಲ್ಲೇ ಬೀಳಬೇಕು.

ಮ್ಯಾಗ್ನಮ್ ಎಂದರೆ ಏನು

ತೋಟೆಯಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಮ್ಯಾಗ್ನಮ್ ಎಂಬುದಕ್ಕೆ ಕಟ್ಟುನಿಟ್ಟಾದ ವ್ಯಾಖ್ಯೆ ಇಲ್ಲ. ಅದೇ ಅಳತೆಯ ಗುಂಡನ್ನು ವಾಡಿಕೆಗಿಂತ ಹೆಚ್ಚು ಮದ್ದಿನಿಂದ, ಹೆಚ್ಚು ವೇಗದಿಂದ ಹಾರಿಸುವ ದೊಡ್ಡ ಕವಚ ಎಂದರೆ ಸಾಕು.

ಈ ವಂಶದ ಹಿರಿಯ 1912ರಲ್ಲಿ ಬ್ರಿಟನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ .375 ಮ್ಯಾಗ್ನಮ್ (.375 ಎಂದರೆ ಇಂಚಿನಲ್ಲಿ ಗುಂಡಿನ ದಪ್ಪ). ಅದರ ಹೆಗಲು, ಅಂದರೆ ಕವಚದ ಮೈ ಕಿರಿದಾಗಿ ಗುಂಡು ಹಿಡಿಯುವ ಕತ್ತಿಗೆ ಸೇರುವ ಭಾಗ, ತುಂಬ ಇಳಿಜಾರು. ಅಂಥ ಹೆಗಲಿನ ಮೇಲೆ ತೋಟೆ ಛೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಗೂಡಿನೊಳಗೆ, ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆಂದು ಬುಡದಲ್ಲಿ ಹಿತ್ತಾಳೆಯ ಪಟ್ಟಿ ಕೊಟ್ಟರು. 1940ರ ದಶಕದಲ್ಲಿ ಅಮೆರಿಕದ ರಾಯ್ ವೆದರ್‌ಬಿ ಇದೇ ಕವಚವನ್ನು ಹಿಗ್ಗಿಸಿ, ಕತ್ತು ಸಣ್ಣದು ಮಾಡಿ, ವೇಗವೇ ದೇವರು ಎಂಬ ಹೊಸ ಪಂಥ ಕಟ್ಟಿದರು. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಎರಡೂ ಆ ಪಟ್ಟಿಯನ್ನು ಹೊತ್ತೇ ಬಂದವು. ಹೆಗಲು ಚೂಪಾದ ಮೇಲೆ ಪಟ್ಟಿಯ ಅಗತ್ಯ ಉಳಿದಿರಲಿಲ್ಲ. ಮ್ಯಾಗ್ನಮ್ ಎಂದರೆ ಪಟ್ಟಿ ಇರಲೇಬೇಕು ಎಂದು ಕೊಳ್ಳುವವರು ನಂಬಿದ್ದರಿಂದ ಅದು ಉಳಿಯಿತು.

ಅಂಕಿಗಳನ್ನು ಪಕ್ಕಪಕ್ಕ ಇಡೋಣ. ಹೆಸರಾಂತ .30-06 ತೋಟೆ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಬಿಡುತ್ತದೆ. .300 ವಿನ್‌ಚೆಸ್ಟರ್ ಮ್ಯಾಗ್ನಮ್ ಅದೇ ಗುಂಡನ್ನು ಸುಮಾರು 900 ಮೀಟರ್‌ನಲ್ಲಿ. ಕವಚದ ಒಳಗಿನ ಜಾಗ ಹೆಚ್ಚು ಕಡಿಮೆ ಮೂರನೇ ಒಂದು ಭಾಗದಷ್ಟು ಹೆಚ್ಚಾಗಿದೆ, ವೇಗ ಹೆಚ್ಚಾದದ್ದು ಹತ್ತರಲ್ಲಿ ಒಂದು ಪಾಲು. ನಳಿಗೆಯ ತೂತು ಅಷ್ಟೇ ಇರುವಾಗ ಎಷ್ಟು ಅನಿಲ ತಳ್ಳಿದರೂ ಒಂದು ಹಂತದ ಮೇಲೆ ಫಲ ಇಳಿಯುತ್ತದೆ. ತೋಟೆ ತಯಾರಿಸುವ ಇಡೀ ವಿದ್ಯೆ ಈ ಇಳಿಕೆಯೊಡನೆ ನಡೆಸುವ ಗುದ್ದಾಟ.

200 ಗಜಕ್ಕೆ ಗುರಿ ಹೊಂದಿಸಿದರೆ 500 ಗಜದಲ್ಲಿ .30-06ರ ಗುಂಡು ಸುಮಾರು 110 ಸೆಂ.ಮೀ. ಕೆಳಗೆ ಬೀಳುತ್ತದೆ, ಮ್ಯಾಗ್ನಮ್‌ನದು ಸುಮಾರು 90 ಸೆಂ.ಮೀ. ಅಷ್ಟು ದೂರದಲ್ಲೂ ಉಳಿತಾಯ ಒಂದು ಗೇಣು. 40 ಮೀಟರ್‌ನಲ್ಲಿ? ಏನೂ ಇಲ್ಲ.

ಹೊಸ ತೋಟೆ ಹುಟ್ಟುವ ಬಗೆ

ಅಮೆರಿಕದಂಥ ದೇಶಗಳಲ್ಲಿ ಖಾಸಗಿಯವರು ತೋಟೆ ತುಂಬಿಕೊಳ್ಳುವುದು ಕಾನೂನುಬದ್ಧ ಹವ್ಯಾಸ. ಆದರೂ ಹೊಸ ತೋಟೆಯೊಂದನ್ನು ರೂಪಿಸುವುದು ಹವ್ಯಾಸದ ಮಟ್ಟದ ಕೆಲಸವಲ್ಲ.

ತಿಳಿದವರು ಕವಚದಿಂದ ಶುರು ಮಾಡುವುದಿಲ್ಲ, ಗುಂಡಿನಿಂದ ಶುರು ಮಾಡುತ್ತಾರೆ. ದೂರಕ್ಕೆ ಬೇಕಾದದ್ದು ಉದ್ದನೆಯ, ಮೂತಿ ಚೂಪಾದ, ಹಿಂಬದಿ ಕಿರಿದಾದ, ತನ್ನ ದಪ್ಪಕ್ಕೆ ಭಾರವಾದ ಗುಂಡು. ಅದು ಗಾಳಿಯನ್ನು ಸೀಳಿಕೊಂಡು ವೇಗ ಉಳಿಸಿಕೊಳ್ಳುತ್ತದೆ, ಅಡ್ಡಗಾಳಿಗೆ ಕಡಿಮೆ ಸರಿಯುತ್ತದೆ. ಹೊರಡುವಾಗಿನ ವೇಗಕ್ಕಿಂತ ಈ ಗುಣವೇ 800 ಮೀಟರ್ ಆಚೆ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಆದರೆ ಗುಂಡು ಉದ್ದವಾದಷ್ಟೂ ಅದನ್ನು ಸ್ಥಿರವಾಗಿಡಲು ಹೆಚ್ಚು ಬಿರುಸಾಗಿ ತಿರುಗಿಸಬೇಕು. ಅಂದರೆ ನಳಿಗೆಯ ಒಳಗಿನ ತಿರುಪು ಗೆರೆಗಳು ಒತ್ತಾಗಿರಬೇಕು. ಹಳೆಯ ನಳಿಗೆಯಲ್ಲಿ ಹೊಸ ಉದ್ದ ಗುಂಡು ಹಾಕಿದರೆ ಅದು ಹಾರುತ್ತಲೇ ಓಲಾಡುತ್ತದೆ, ಗುರಿಹಲಗೆಗೆ ಅಡ್ಡವಾಗಿ ಬಡಿಯುತ್ತದೆ.

ಮುಂದಿನ ಪ್ರಶ್ನೆ ಉದ್ದದ್ದು. ಮ್ಯಾಗಜೀನ್ ಪೆಟ್ಟಿಗೆ ಎಷ್ಟು ಉದ್ದವಿದೆಯೋ ತೋಟೆ ಅದರೊಳಗೆ ಹಿಡಿಯಬೇಕು. .300 ವಿನ್‌ಚೆಸ್ಟರ್‌ನ ನೋವು ಇಲ್ಲಿದೆ. ಅದರ ಕತ್ತು 0.264 ಇಂಚು, ಗುಂಡಿನ ದಪ್ಪ 0.308 ಇಂಚು. ಗುಂಡನ್ನು ಹಿಡಿದಿಡುವ ಕತ್ತು ಗುಂಡಿನ ದಪ್ಪದಷ್ಟೂ ಇಲ್ಲ. ಉದ್ದ ಗುಂಡು ಕೂರಿಸಿದರೆ ಅದರ ಬಾಲ ಮದ್ದಿನ ಜಾಗಕ್ಕೇ ಇಳಿಯುತ್ತದೆ, ದೊಡ್ಡ ಕವಚ ಮಾಡಿಯೂ ಜಾಗ ಕಳೆದುಕೊಂಡಂತೆ. ಇದನ್ನೇ ಸರಿಪಡಿಸಲು 2018ರಲ್ಲಿ ಹಾರ್ನಡಿ ಕಂಪನಿ .300 ಪಿಆರ್‌ಸಿ ತೋಟೆಯನ್ನು ತಂದಿತು. ಪಟ್ಟಿ ತೆಗೆದರು, ಕತ್ತು ಉದ್ದ ಮಾಡಿದರು, ಹೆಗಲಿನ ಮೇಲೆ ನಿಲ್ಲುವಂತೆ ಮಾಡಿದರು, ಒಟ್ಟು ಉದ್ದಕ್ಕೆ 3.7 ಇಂಚು ಕೊಟ್ಟರು. 2022ರಲ್ಲಿ ಅದೇ ಸೂತ್ರದಲ್ಲಿ 7 ಎಂಎಂ ಪಿಆರ್‌ಸಿ ಬಂತು.

ಗುಂಡು, ಉದ್ದ, ಕವಚ ತೀರ್ಮಾನವಾದ ಮೇಲೆ ನಕ್ಷೆ. ನಕ್ಷೆಯ ಅಳತೆಗೆ ಸರಿಯಾಗಿ ಛೇಂಬರ್ ಕೊರೆಯುವ ರೀಮರ್ ಮಾಡಿಸಬೇಕು, ಅದರ ಜೊತೆಗೆ ಛೇಂಬರಿನ ಅಳತೆ ಪರೀಕ್ಷಿಸುವ ಎರಡು ಗೇಜು. ಒಂದರ ಮೇಲೆ ಬೋಲ್ಟ್, ಅಂದರೆ ಛೇಂಬರಿನ ಹಿಂಬಾಗಿಲು, ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. ತೋಟೆಯ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಉಳಿಯುವ ಕೂದಲೆಳೆಯ ಸಂದು ಹೆಚ್ಚಾದರೆ ಸಿಡಿದ ಪ್ರತಿ ಸಲ ಹಿತ್ತಾಳೆ ಹಿಗ್ಗುತ್ತದೆ, ಬುಡದ ಮೇಲ್ಗಡೆ ತೆಳುವಾಗುತ್ತದೆ, ಕೊನೆಗೊಂದು ದಿನ ಅಲ್ಲೇ ತುಂಡಾಗುತ್ತದೆ. ಪಟ್ಟಿಯ ಮ್ಯಾಗ್ನಮ್‌ಗಳಲ್ಲಿ ಈ ತೊಂದರೆ ಹೆಚ್ಚು. ಪಟ್ಟಿ ಸರಿಯಾಗಿ ಕೂತಿದ್ದರೂ ಹೆಗಲಿನ ಕಡೆ ಸಂದು ಉಳಿದಿರಬಹುದು. ಖಾಲಿ ಕವಚದೊಳಗೆ ಬಾಗಿದ ತಂತಿಯ ಮೊನೆ ಎಳೆದು ನೋಡಿದರೆ ತೆಳುವಾದ ಕಡೆ ಗೀರು ಸಿಗುತ್ತದೆ. ಅಂಥ ಕವಚವನ್ನು ಜಜ್ಜಿ ಎಸೆಯಬೇಕು.

ಹೊಸ ಆಕಾರದ ಕವಚ ಅಂಗಡಿಯಲ್ಲಿ ಸಿಗುವುದಿಲ್ಲ. ಹತ್ತಿರದ ಅಳತೆಯ ಕವಚವನ್ನು ಹೊಸ ಛೇಂಬರಿನಲ್ಲಿ ಹಗುರವಾಗಿ ಸಿಡಿಸಿ ಆ ಆಕಾರಕ್ಕೆ ಉಬ್ಬಿಸಿಕೊಳ್ಳುತ್ತಾರೆ. ಉಬ್ಬಿದ ಕವಚಕ್ಕೆ ನೀರು ತುಂಬಿ ತೂಗಿ ಒಳಜಾಗ ಅಳೆಯುತ್ತಾರೆ. ಹೊರಗಿನಿಂದ ಒಂದೇ ತರ ಕಾಣುವ ಎರಡು ಕಂಪನಿಯ ಹಿತ್ತಾಳೆಯಲ್ಲಿ ಗೋಡೆಯ ದಪ್ಪ ಬೇರೆ, ಒಳಜಾಗ ಬೇರೆ. ಒಂದಕ್ಕೆ ಸರಿಹೋದ ಮದ್ದಿನ ಅಳತೆ ಇನ್ನೊಂದರಲ್ಲಿ ಒತ್ತಡವನ್ನು ಅಪಾಯದ ಗೆರೆ ದಾಟಿಸುತ್ತದೆ.

ಒತ್ತಡ ಎಂದರೆ ಎಷ್ಟು? ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ .300 ವಿನ್‌ಚೆಸ್ಟರ್ ಮ್ಯಾಗ್ನಮ್‌ಗೆ ಇಟ್ಟಿರುವ ಮಿತಿ ಚದರ ಇಂಚಿಗೆ 64,000 ಪೌಂಡ್. ಕಾರಿನ ಚಕ್ರದ ಗಾಳಿ 32 ಪೌಂಡ್. ಅದರ ಎರಡು ಸಾವಿರ ಪಟ್ಟು ಒತ್ತಡ, ಬಂದೂಕು ಹಿಡಿದವರ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ. ಕಾರ್ಖಾನೆಗಳು ಇದನ್ನು ಛೇಂಬರಿಗೆ ಸಂವೇದಕ ಕೂರಿಸಿ ಅಳೆಯುತ್ತವೆ. ಮನೆಯಲ್ಲಿ ಮಾಡುವವರಿಗೆ ಆ ಸೌಲಭ್ಯವಿಲ್ಲ. ಅವರು ಪ್ರಕಟಿತ ಅಳತೆಯ ಕೆಳತುದಿಯಿಂದ ಶುರು ಮಾಡಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮೇಲೇರುತ್ತಾರೆ, ಪ್ರತಿ ಹೆಜ್ಜೆಯಲ್ಲೂ ವೇಗ ಅಳೆಯುತ್ತಾರೆ, ಕವಚದ ಬುಡ ಓದುತ್ತಾರೆ. ಬೋಲ್ಟ್ ಎತ್ತಲು ಬಿಗಿಯಾಯಿತೇ, ಕೇಪು ಚಪ್ಪಟೆಯಾಗಿ ಅಂಚಿಗೆ ಹರಡಿತೇ, ಬುಡದ ಮೇಲೆ ಹೊಳೆಯುವ ಗುರುತು ಬಿತ್ತೇ, ಕೇಪಿನ ಗುಳಿ ಸಡಿಲವಾಯಿತೇ. ಕಷ್ಟವೇನೆಂದರೆ ಈ ಗುರುತುಗಳು ಕಾಣುವ ಹೊತ್ತಿಗೆ ಮಿತಿ ಆಗಲೇ ದಾಟಿರುತ್ತದೆ. ಹೊಸದಾಗಿ ರೂಪಿಸಿದ ತೋಟೆಗೆ ಪ್ರಕಟಿತ ಅಳತೆಯೇ ಇರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಎಂಬುದೂ ಲೆಕ್ಕ ಹಾಕಿ ಊಹಿಸಿದ್ದೇ. ಮದ್ದು ಹೆಚ್ಚಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ಕವಚದಲ್ಲಿ ನಿಧಾನವಾಗಿ ಉರಿಯುವ ಮದ್ದನ್ನು ತೀರ ಕಡಿಮೆ ಹಾಕಿದರೂ ಒತ್ತಡ ಹುಚ್ಚೆದ್ದು ಬಂದೂಕು ಒಡೆದ ಘಟನೆಗಳಿವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಬಿಸಿಲಿನ ಲೆಕ್ಕವೂ ಇದೆ. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ. ಮುಂಜಾನೆಯ ತಂಪಿನಲ್ಲಿ ಮಿತಿಯ ಅಂಚಿನಲ್ಲಿ ನಿಂತ ತೋಟೆ, ಏಪ್ರಿಲ್‌ನಲ್ಲಿ ಪಾವಗಡದ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಮಧ್ಯಾಹ್ನದವರೆಗೆ ಬೆಂದರೆ ಮಿತಿ ದಾಟಬಹುದು. ಚಳಿ ದೇಶದಲ್ಲಿ ತಯಾರಾದ ಅಳತೆಯನ್ನು ಇಲ್ಲಿಗೆ ತಂದರೆ ಅದು ಇಲ್ಲಿಗೆ ಸರಿಹೋಗುತ್ತದೆ ಎಂಬ ಖಾತ್ರಿ ಇಲ್ಲ.

ಇಷ್ಟೆಲ್ಲ ಆದ ಮೇಲೂ ನಳಿಗೆ ಬೇಗ ಸವೆಯುತ್ತದೆ. ಅಷ್ಟು ಮದ್ದಿನ ಉರಿ ಅಷ್ಟು ಕಿರಿದಾದ ತೂತಿನಲ್ಲಿ ನುಗ್ಗುವಾಗ ಛೇಂಬರಿನ ಮುಂದಿನ ಉಕ್ಕನ್ನು ಸುಟ್ಟು ಬಿರುಕು ಬಿಡಿಸುತ್ತದೆ. ದೊಡ್ಡ ಮ್ಯಾಗ್ನಮ್‌ಗಳ ನಿಖರತೆ ಒಂದೂವರೆ, ಎರಡು ಸಾವಿರ ಗುಂಡಿನೊಳಗೆ ಕುಸಿಯತೊಡಗುವುದು ಮಾಮೂಲು. ಹೆಗಲಿಗೆ ಬೀಳುವ ಒದೆತ ಸಾಮಾನ್ಯ ತೋಟೆಗಿಂತ ಕಾಲುಭಾಗವಾದರೂ ಹೆಚ್ಚು. ಆ ಪೆಟ್ಟಿಗೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ 40 ಮೀಟರ್‌ನ ಗುರಿಯೂ ತಪ್ಪುತ್ತದೆ.

ಭಾರತದಲ್ಲಿ ಇದು ಹವ್ಯಾಸವಲ್ಲ

ತೋಟೆ ತಯಾರಿಸುವುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಪ್ರತ್ಯೇಕ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಈ ಕಲಮು ಉಲ್ಲಂಘಿಸಿದರೆ ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ವಿಡಿಯೋ ನೋಡಿ ಖಾಲಿ ತೋಟೆಗೆ ಮದ್ದು ತುಂಬಲು ಹೊರಡುವವರು, ಮತ್ತು ಲೇತ್ ಮೆಷಿನ್ ಇದೆಯೆಂದು ಅವರಿಗೆ ನೆರವಾಗುವ ವರ್ಕ್‌ಶಾಪಿನ ಹುಡುಗರು, ಈ ಅಂಕಿಯನ್ನು ಎರಡು ಸಲ ಓದಬೇಕು. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು.

ನಮ್ಮಲ್ಲಿ ನಾಗರಿಕರ ಕೈಯಲ್ಲಿರುವ ರೈಫಲ್‌ಗಳಲ್ಲಿ ಹೆಚ್ಚಿನವು ಸರ್ಕಾರಿ ಕಾರ್ಖಾನೆಯ .315 ಬೋರ್ (ಬೋರ್ ಎಂದರೆ ನಳಿಗೆಯ ತೂತಿನ ಅಳತೆ). ಸೇನೆಯ .303 ತೋಟೆ ಹಿಡಿಯುವ ಬಂದೂಕು ನಾಗರಿಕರಿಗೆ ನಿಷಿದ್ಧವಾದ್ದರಿಂದ ಈ ಬೋರ್ ಉಳಿದುಕೊಂಡು ಬಂತು. ವೇಗ ಕಡಿಮೆ, ಗುಂಡು ಭಾರ. ದೂರದ ಗುರಿಗೆ ಹೇಳಿದ್ದಲ್ಲ. ಹಂದಿಗೆ ಅದು ಸಾಲದೇ ಎಂದರೆ ಧಾರಾಳ ಸಾಕು.

ನಮ್ಮ ಹೊಲದ ಲೆಕ್ಕ

ಬಯಲುಸೀಮೆಯಲ್ಲಿ ಹಂದಿ ಎಲ್ಲಿರುತ್ತದೆ? ಬತ್ತಿದ ಕೆರೆಯಂಗಳದಲ್ಲಿ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿಯೊಳಗೆ, ಗುಡ್ಡದ ಬುಡದ ಪೊದೆಯಲ್ಲಿ, ಪಾಳುಬಿದ್ದ ತೋಪಿನಲ್ಲಿ. ಹಗಲೆಲ್ಲ ಅಲ್ಲಿ ಮಲಗಿ ಕತ್ತಲಾದ ಮೇಲೆ ಕಡಲೆಕಾಯಿ, ಮುಸುಕಿನ ಜೋಳ, ರಾಗಿ ಹೊಲಕ್ಕೆ ನುಗ್ಗುತ್ತದೆ. ಕಾವಲುಗಾರನ ಕಣ್ಣಿಗೆ ಬೀಳುವುದು ಟಾರ್ಚಿನ ಬೆಳಕಿನ ಅಳವಿನಲ್ಲಿ, 30 ರಿಂದ 50 ಮೀಟರ್‌ನಲ್ಲಿ. ಮ್ಯಾಗ್ನಮ್ ಬಿಡಿಸಲೆಂದು ಹುಟ್ಟಿದ ಸಮಸ್ಯೆ 500 ಮೀಟರ್‌ನದು. ಅದು ಇಲ್ಲಿ ಇಲ್ಲವೇ ಇಲ್ಲ.

ಇರುವ ಸಮಸ್ಯೆ ತಪ್ಪಿದ ಗುಂಡಿನದು, ಮೈ ತೂರಿ ಹೊರಬಿದ್ದ ಗುಂಡಿನದು. .300 ಮ್ಯಾಗ್ನಮ್ ಗುಂಡು ಒಂದು ಕಿ.ಮೀ. ಹೋದ ಮೇಲೂ ಸುಮಾರು 900 ಜೂಲ್ ಶಕ್ತಿ ಉಳಿಸಿಕೊಂಡಿರುತ್ತದೆ. 9 ಎಂಎಂ ಪಿಸ್ತೂಲಿನ ಗುಂಡಿಗೆ ನಳಿಗೆ ಬಿಡುವಾಗಲೇ ಅಷ್ಟು ಇರುವುದಿಲ್ಲ. ಮೇಲ್ಮುಖವಾಗಿ ಹೋದರೆ 4 ಕಿ.ಮೀ. ಆಚೆ ಬೀಳಬಲ್ಲದು. ಚಿಂತಾಮಣಿ, ಮುಳಬಾಗಿಲು, ಮಧುಗಿರಿ ಕಡೆ ಯಾವ ಹೊಲದಲ್ಲಿ ನಿಂತು 4 ಕಿ.ಮೀ. ಸುತ್ತು ಹಾಕಿದರೂ ಅದರೊಳಗೆ ಊರು, ತೋಟದ ಮನೆ, ಕುರಿಹಟ್ಟಿ, ರಾತ್ರಿ ನೀರು ಕಟ್ಟಲು ಮೋಟರ್ ಹಾಕಲು ಹೋದವರು ಇದ್ದೇ ಇರುತ್ತಾರೆ.

ನೆಲದ ಮೇಲೆ ನಿಂತು ಹೊಡೆಯುವುದನ್ನು ಅಳೆದು ನೋಡಿ. ನಳಿಗೆಯ ಎತ್ತರ 1.4 ಮೀಟರ್, ಹಂದಿಯ ಎದೆ ನೆಲದಿಂದ ಅರ್ಧ ಮೀಟರ್, ದೂರ 40 ಮೀಟರ್. ಗುಂಡು ನೆಲದ ಕಡೆ ಇಳಿಯುವ ಕೋನ ಒಂದೂಕಾಲು ಡಿಗ್ರಿಯಷ್ಟೇ. ಹಂದಿಗೆ ತಪ್ಪಿದರೆ ಇನ್ನೂ 20 ಮೀಟರ್‌ಗಿಂತ ಹೆಚ್ಚು ದೂರ ಹೋಗಿ ನೆಲ ಸವರುತ್ತದೆ. ಅಷ್ಟು ಓರೆಯಲ್ಲಿ ಗಟ್ಟಿ ನೆಲಕ್ಕೋ ಕೆರೆಯ ನೀರಿಗೋ ತಗುಲಿದ ಗುಂಡು ನಿಲ್ಲುವುದಿಲ್ಲ, ಚಿಮ್ಮಿ ಮೇಲೇಳುತ್ತದೆ. ನಮ್ಮದು ಬಂಡೆಯ ಸೀಮೆ. ಹೊಲದ ನಡುವೆಯೇ ಕಲ್ಲು ತಲೆಯೆತ್ತಿರುತ್ತದೆ. ಚಿಮ್ಮಿದ ಗುಂಡು ಯಾವ ದಿಕ್ಕಿಗೆ ಹೋಗುತ್ತದೆ ಎಂದು ಹೇಳಲು ಯಾರಿಂದಲೂ ಆಗದು.

ಈಗ ಮೂರು ಮೀಟರ್ ಎತ್ತರದ ಅಟ್ಟಣೆ ಕಟ್ಟಿ ಕೂತರೆ ನಳಿಗೆ ನಾಲ್ಕು ಮೀಟರ್ ಎತ್ತರಕ್ಕೆ ಬರುತ್ತದೆ. 30 ಮೀಟರ್‌ನ ಹಂದಿಗೆ ಗುರಿಯಿಟ್ಟರೆ ಇಳಿಯುವ ಕೋನ ಆರೇಳು ಡಿಗ್ರಿ. ತಪ್ಪಿದ ಗುಂಡು ಹಂದಿಯ ಹಿಂದೆ ನಾಲ್ಕೈದು ಮೀಟರ್‌ನಲ್ಲೇ ಉತ್ತ ಮಣ್ಣಿಗೆ ಹೊಕ್ಕುತ್ತದೆ. ಹಿಂದೆ ಕೆರೆ ಏರಿಯೋ ಮಣ್ಣಿನ ದಿಬ್ಬವೋ ಇದ್ದರೆ ಇನ್ನೂ ಒಳ್ಳೆಯದು. ತೋಟೆಗೆ ಸುರಿಯುವ ಸಾವಿರಾರು ರೂಪಾಯಿಗಿಂತ ನಾಲ್ಕು ಸರ್ವೆ ಕಂಬದ ಈ ಅಟ್ಟಣೆ ಹೆಚ್ಚು ಜೀವ ಉಳಿಸುತ್ತದೆ.

ಬಂದೂಕು ಯಾವುದು ಎಂಬುದಕ್ಕೂ ಇಲ್ಲೇ ಉತ್ತರವಿದೆ. 12 ಬೋರ್ ಎಂಬ ನುಣುಪು ನಳಿಗೆಯ ಬಂದೂಕಿನ ಒಂಟಿ ಗುಂಡು ಸುಮಾರು 28 ಗ್ರಾಂ, ಸೆಕೆಂಡಿಗೆ 450 ಮೀಟರ್ ವೇಗವೆಂದರೆ 2,800 ಜೂಲ್. 40 ಮೀಟರ್‌ನೊಳಗೆ ದೊಡ್ಡ ಸಲಗ ಹಂದಿಗೂ ಅದು ಸಾಕು. ಎಲ್‌ಜಿ ತೋಟೆಯ ದಪ್ಪ ಚರೆ 35 ಮೀಟರ್ ದಾಟಿದ ಮೇಲೆ ಹರಡಿ ಪ್ರಾಣಿಯನ್ನು ಗಾಯ ಮಾಡಿ ಬಿಡುವ ಸಂಭವ ಹೆಚ್ಚು. ಆದರೆ ಅದು ಹೆಚ್ಚೆಂದರೆ 700 ಮೀಟರ್ ಆಸುಪಾಸಿನಲ್ಲಿ ನೆಲ ಸೇರುತ್ತದೆ. ಗಾಯಗೊಂಡ ಹಂದಿ ಪೊದೆಯೊಳಗೆ ಹೊಕ್ಕು ಕೂತು ಮರುದಿನ ಸೌದೆಗೆ ಹೋದವರ ಮೇಲೆ ಬೀಳುತ್ತದೆ. ಆದ್ದರಿಂದ ಹತ್ತಿರ, ಸ್ಪಷ್ಟ ಬೆಳಕು, ಒಂದೇ ಸರಿಯಾದ ಏಟು. ದೂರದ ಹುಚ್ಚು ಬಿಟ್ಟರೆ ಮಾತ್ರ ಇದು ಸಾಧ್ಯ.

ಯಾರು ಏನು ಹೇಳುತ್ತಾರೆ

ರೈತರ ವಾದವನ್ನು ಹಗುರವಾಗಿ ನೋಡಬಾರದು. ಸಾಲ ತಂದು ಹಾಕಿದ ಒಂದು ಎಕರೆ ಕಡಲೆಕಾಯಿಯನ್ನು ಹಂದಿಯ ಹಿಂಡು ಒಂದೆರಡು ರಾತ್ರಿಯಲ್ಲಿ ಉತ್ತು ಹಾಕುತ್ತದೆ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಅರ್ಜಿ, ಸ್ಥಳ ಪರಿಶೀಲನೆ, ಪಹಣಿ, ಬೆಳೆ ದಾಖಲೆ ಎಲ್ಲ ಮುಗಿದು ಬರುವ ಹಣ ಆದ ನಷ್ಟಕ್ಕೆ ಸಮವಾಗುವುದಿಲ್ಲ ಎಂಬುದು ಅವರ ದೂರು. ಗುತ್ತಿಗೆಗೆ ಹೊಲ ಮಾಡುವವರ ಹೆಸರಿನಲ್ಲಿ ಪಹಣಿಯೇ ಇರುವುದಿಲ್ಲ. ಕಾನೂನಿನ ದಾರಿ ಮುಚ್ಚಿದಂತೆ ಕಂಡಾಗ ಕೆಲವರು ಸಿಡಿಮದ್ದಿನ ಉಂಡೆ ಇಡುತ್ತಾರೆ, ಬೇಲಿಗೆ ಕರೆಂಟ್ ಹರಿಸುತ್ತಾರೆ. ಸಾಯುವುದು ಹಂದಿ ಮಾತ್ರವಲ್ಲ. ಬಾಯಿ ಸೀಳಿದ ಹಸು, ತಂತಿಗೆ ಸಿಕ್ಕಿದ ಪಕ್ಕದ ಹೊಲದವರು, ಎಲ್ಲವೂ ಆಗಿವೆ. ಬಂದೂಕಿನ ವಿರುದ್ಧ ಮಾತಾಡುವವರು ಈ ಬದಲಿಯನ್ನೂ ಎದುರಿಗಿಟ್ಟುಕೊಂಡು ಮಾತಾಡಬೇಕು.

ವನ್ಯಜೀವಿ ಪರರ ವಾದಕ್ಕೂ ತೂಕವಿದೆ. ಹಂದಿ ಚಿರತೆಯ ಆಹಾರ. ಅದು ಕಡಿಮೆಯಾದರೆ ಚಿರತೆಯ ಕಣ್ಣು ಕುರಿ, ನಾಯಿಗಳ ಮೇಲೆ ಬೀಳುತ್ತದೆ. ಹಂದಿಗೆಂದು ಕೊಟ್ಟ ಅನುಮತಿಯ ಮರೆಯಲ್ಲಿ ಬೇರೆ ಪ್ರಾಣಿ ಬೀಳುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲಿನ ಕೃಷ್ಣಮೃಗಗಳು ಬಯಲಿನಲ್ಲೇ ಮೇಯುತ್ತವೆ. ದೂರ ಹೊಡೆಯುವ ರೈಫಲ್ ಆ ಸೀಮೆಗೆ ಬಂದರೆ ಅದರ ಮೊದಲ ಬಲಿ ಹಂದಿಯಾಗಿರುವುದಿಲ್ಲ, ಏಕೆಂದರೆ 500 ಮೀಟರ್‌ನಲ್ಲಿ ಹಗಲಿಗೆ ಕಾಣುವುದು ಕೃಷ್ಣಮೃಗ. ಅದು ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯುಳ್ಳ ಪಟ್ಟಿಯ ಪ್ರಾಣಿ.

ಇಲಾಖೆಯ ಅಳುಕು ಬೇರೆ. ಸಹಿ ಹಾಕಿದ ಆದೇಶದ ಮೇಲೆ ಯಾರಿಗಾದರೂ ಗುಂಡು ತಗುಲಿದರೆ ಹೊಣೆ ಯಾರದು? ಹಂದಿಯೆಂದು ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನಿಂದ ಆಗಾಗ ಬರುತ್ತಲೇ ಇರುತ್ತದೆ. ಆ ಅಳುಕು ನ್ಯಾಯವಾದದ್ದೇ. ಆದರೆ ಅದೇ ನೆಪವಾಗಿ ಅರ್ಜಿಗಳು ಉತ್ತರವಿಲ್ಲದೆ ಕೂತರೆ ಸಿಡಿಮದ್ದಿನವರ ಕೈ ಬಲವಾಗುತ್ತದೆ.

ಮುಂದೆ ಏನಾಗಬಹುದು

ಕೇರಳದ ಮಾದರಿ ಇಲ್ಲಿಗೂ ಬರಬೇಕೆಂಬ ಒತ್ತಡ ಹೆಚ್ಚಲಿದೆ. ಬಂದರೂ ಹಂದಿ ಸಂಖ್ಯೆ ಒಂದೇ ಸಲಕ್ಕೆ ಇಳಿಯುತ್ತದೆ ಎಂದು ಎಣಿಸುವಂತಿಲ್ಲ. ಹೆಣ್ಣು ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಅಲ್ಲೊಂದು ಇಲ್ಲೊಂದು ಹೊಡೆದರೆ ಉಳಿದವು ಹೊತ್ತು ಬದಲಿಸುತ್ತವೆ, ಹೊಲ ಬದಲಿಸುತ್ತವೆ. ಕೆರೆಯಂಗಳದ ಜಾಲಿ ತೆರವಾಗದೆ ಬಂದೂಕು ಮಾತ್ರ ಬಂದರೆ ಹಂದಿಯ ಮನೆ ಹಾಗೇ ಉಳಿಯುತ್ತದೆ. ಹೊಡೆದ ಹಂದಿಯೂ ಹೊಡೆದವರದಲ್ಲ. 11ನೇ ಕಲಮಿನಡಿ ಕೊಂದ ಪ್ರಾಣಿ 39ನೇ ಕಲಮಿನ ಪ್ರಕಾರ ಸರ್ಕಾರದ ಆಸ್ತಿ. ಮಾಂಸದ ಆಸೆಯಿಂದ ಮುಂದೆ ಬರುವವರಿಗೆ ಇದನ್ನು ಮೊದಲೇ ತಿಳಿಸಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಆದೇಶವೊಂದು ಬರುವುದಾದರೆ ಅದರಲ್ಲಿ ಬೋರಿನ ಹೆಸರಿಗಿಂತ ಮೊದಲು ಇರಬೇಕಾದ್ದು ದೂರ: 40 ಮೀಟರ್ ದಾಟಿ ಗುಂಡು ಹಾರಿಸಬಾರದು. ಅಟ್ಟಣೆ ಕಡ್ಡಾಯ, ಅದರ ಜಾಗ ಮತ್ತು ಗುರಿಯ ದಿಕ್ಕನ್ನು ಅರಣ್ಯ ರಕ್ಷಕರು ಹಗಲಿನಲ್ಲೇ ನೋಡಿ ಗುರುತಿಸಿರಬೇಕು. ಅಂದು ರಾತ್ರಿ ಆ ದಿಕ್ಕಿನ ಹೊಲಗಳಿಗೆ ಯಾರೂ ಹೋಗಬಾರದೆಂದು ಊರಿನಲ್ಲಿ ಡಂಗುರ ಸಾರಿರಬೇಕು. ಹೊಡೆಯುವವರು 40 ಮೀಟರ್‌ನಲ್ಲಿ ತಟ್ಟೆಯಗಲದ ಗುರಿಗೆ ಐದಕ್ಕೆ ಐದು ಹೊಡೆದು ತೋರಿಸಿರಬೇಕು. ಕೊಟ್ಟ ತೋಟೆ ಎಷ್ಟು, ಬಳಸಿದ್ದು ಎಷ್ಟು, ಖಾಲಿ ಕವಚ ಎಷ್ಟು ಎಂಬುದು ಬೆಳಗಾಗುವ ಮೊದಲು ಪುಸ್ತಕದಲ್ಲಿ ಬರೆದಿರಬೇಕು. ಇಷ್ಟನ್ನು ಜಿಲ್ಲಾಧಿಕಾರಿ, ಪೊಲೀಸ್ ಮತ್ತು ಅರಣ್ಯ ಇಲಾಖೆ ಒಂದೇ ಮೇಜಿನ ಸುತ್ತ ಕೂತು ಬರೆಯಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, 11ನೇ ಕಲಮು ಸಾಕು. ಮುಂಗಾರಿನ ಕಡಲೆಕಾಯಿ ಬಲಿಯುವುದು ಸೆಪ್ಟೆಂಬರ್ ಹೊತ್ತಿಗೆ, ರಾಗಿ ತೆನೆ ತುಂಬುವುದು ಅದರ ಹಿಂದೆಯೇ. ಆದೇಶ ಬರೆಯುವುದಾದರೆ ಬಿತ್ತನೆಗೆ ಮೊದಲೇ ಬರೆಯಬೇಕು.